ಉಸ್ತಾದ್ ಆಗಲು ಎಷ್ಟು ರ‍್ಯಾಮ್ ಬೇಕು?

ಧೈರ್ಯವಂತನ ಕೈಗೆ ಸ್ಕ್ರೂಡ್ರೈವರ್ ಸಿಕ್ಕರೆ ಇಂಥವು ಆಗುತ್ತಲೇ ಇರುತ್ತವೆ. ದುರ್ಗದಲ್ಲಿ ನನ್ನಷ್ಟು ಧೈರ್ಯವಂತರು ಕಡಿಮೆ, ಆದ್ದರಿಂದ ಬೇರೆಯವರ ಮನೆಯಲ್ಲಿ ಇಂಥವು ಆಗುವುದೂ ಕಡಿಮೆ.

ನನಗೂ ಹೊಳಲ್ಕೆರೆಯ ಭಾಮೈದನಿಗೂ ಭಾನುವಾರ ಕಂಪ್ಯೂಟರಿನಲ್ಲಿ ಕಾರ್ ರೇಸು. ಅವನು ಅಲ್ಲಿ, ನಾನು ಇಲ್ಲಿ. ಮೂರು ವರ್ಷದಿಂದ ಪ್ರತಿ ವಾರ ಸೋತಿದ್ದೇನೆ. ತಪ್ಪು ನನ್ನದಲ್ಲ, ನನ್ನ ಹಳೇ ಡೆಸ್ಕ್‌ಟಾಪಿನದು. ಕೀಲಿ ಒತ್ತಿದರೆ ಎರಡು ಸೆಕೆಂಡು ಯೋಚಿಸಿ ಆಮೇಲೆ ಕಾರು ತಿರುಗಿಸುತ್ತಿತ್ತು. "ನೆಪ ಹೇಳ್ಬ್ಯಾಡ್ರಿ ಭಾವ" ಅಂದ ಅವನು. ಪಂದ್ಯ ಕಟ್ಟಿದೆವು: ಕೊನೇ ಒಂದು ರೇಸು, ಸೋತವನು ಗೆದ್ದವನನ್ನು ಭಾಮೈದನ ಹೊಸ ಮನೆಯ ಗೃಹಪ್ರವೇಶದಲ್ಲಿ, ಸಮಸ್ತ ನೆಂಟರ ಮುಂದೆ, 'ಉಸ್ತಾದ್' ಎಂದು ಕರೆಯಬೇಕು. ನನಗಿಂತ ಹತ್ತು ವರ್ಷ ಚಿಕ್ಕವನನ್ನು! ಪ್ರಾಸೆಸರ್, ರ‍್ಯಾಮ್ ಎರಡೂ ಬದಲಾಯಿಸದೆ ಬಿಡುವುದಿಲ್ಲ ಎಂದು ಅಂದೇ ಶಪಥ ಮಾಡಿದೆ.

ಮಾಳಿಗೆ ಮೇಲೆ

ಮೊದಲು ಧೂಳು ತೆಗೆಯಬೇಕಲ್ಲ. ದುರ್ಗದ ಗಾಳಿ ಇರುವಾಗ ಬ್ಲೋವರ್ ಯಾಕೆ? ಕ್ಯಾಬಿನೆಟ್ಟನ್ನು ಮಾಳಿಗೆಗೆ ಹೊತ್ತು, ಬಾಗಿಲು ಬಿಚ್ಚಿ, ರಾಗಿ ತೂರಿದಂತೆ ಗಾಳಿಗೆ ಹಿಡಿದೆ. ಹತ್ತು ವರ್ಷದ ಧೂಳು ಒಂದೇ ಉಸಿರಿಗೆ ಹಾರಿ, ಪಕ್ಕದ ಮನೆಯ ಅಜ್ಜಿ ಒಣಹಾಕಿದ್ದ ಹಪ್ಪಳದ ಮೇಲೆ ಸಮನಾಗಿ ಕೂತಿತು.

ಅಜ್ಜಿ ನಿಧಾನಕ್ಕೆ ತಲೆ ಎತ್ತಿದರು. "ಮೆಣಸಿನಪುಡಿ ನಾನೇ ಹಾಕಿದ್ನಲ್ಲಪ್ಪ, ನೀನ್ಯಾಕೆ ಇನ್ನೊಂದ್ಸಾರಿ ಹಾಕ್ತೀಯ?"

ಹಿರಿಯೂರಿನಲ್ಲಿ ಜಾತಕ

ದುರ್ಗದ ಅಂಗಡಿಯವರು "ಇದನ್ನ ಎಸೆದು ಹೊಸದು ತಗಳ್ರಿ" ಅಂದರು. ಸ್ವಾಭಿಮಾನಿಯಾದ ನಾನು ಕ್ಯಾಬಿನೆಟ್ಟನ್ನು ತೊಡೆ ಮೇಲೆ ಕೂರಿಸಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿನ ಅಂಗಡಿಯಲ್ಲಿ ಥಳಥಳ ಹೊಳೆಯುವ ರ‍್ಯಾಮ್ ಪಟ್ಟಿ ಆರಿಸಿ ನಾನೇ ಒತ್ತಿದೆ. ಕೂರಲಿಲ್ಲ. ಪಟ್ಟಿಯ ಕಚ್ಚು ಒಂದು ಕಡೆ, ಬೋರ್ಡಿನ ಗುಬ್ಬು ಒಂದು ಕಡೆ.

"ಒಂದು ಅರ ಕೊಡ್ರಿ, ಉಜ್ಜಿ ಕೂರಿಸ್ತೀನಿ."

ಅಂಗಡಿಯವನು ಹೌಹಾರಿ ಕಿತ್ತುಕೊಂಡ. "ಬಿಡ್ರಿ ಸಾರ್! ಇದು ಹೊಸ ತಲೆಮಾರಿಂದು, ನಿಮ್ಮ ಬೋರ್ಡು ಹಳೇ ತಲೆಮಾರಿಂದು. ಜಾತಕ ಕೂಡಲ್ಲ."

"ನನ್ನ ಮದುವೇಲೂ ಕೂಡಿರಲಿಲ್ಲ. ಇಪ್ಪತ್ತೈದು ವರ್ಷದಿಂದ ಸಿಸ್ಟಮ್ ನಡೀತಿಲ್ವ?"

ಅವನು ಹಳೇ ಡಬ್ಬಿ ಕೆದಕಿ, ನನ್ನ ಬೋರ್ಡಿಗೆ ಸರಿಹೊಂದುವ ಎರಡು ಪಟ್ಟಿ ಹುಡುಕಿ ಕೂರಿಸುತ್ತಾ ಅಂದ: "ನಡೀತೈತೆ ಸಾರ್. ಆದ್ರೆ ಹ್ಯಾಂಗ್ ಆಗಿರೋರು ಯಾರು, ಅದನ್ನ ಹೇಳ್ರಿ."

ಹೊಸದುರ್ಗದ ಓಲೆ

ಪ್ರಾಸೆಸರ್ ಸಿಕ್ಕಿದ್ದು ಹೊಸದುರ್ಗದಲ್ಲಿ, ಸೈಬರ್ ಸೆಂಟರ್ ಮುಚ್ಚಿದವರೊಬ್ಬರ ಹತ್ತಿರ. ಎದೆಗೆ ಹತ್ತಿರವಿರಲಿ ಎಂದು ಅಂಗಿ ಜೇಬಿನಲ್ಲಿ ಇಟ್ಟುಕೊಂಡೆ. ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ತಾಗಿತು. ತೆಗೆದು ನೋಡಿದರೆ, ಕೂದಲಿನಂಥ ಮೂರು ಪಿನ್ನು ಸೊಟ್ಟ!

ಸೋಲೊಪ್ಪುವವನೇ ನಾನು? ಹತ್ತಿದ ಬಸ್ಸಿಳಿದು ನೇರ ಅಲ್ಲಿನ ಪೇಟೆಯ ಅಕ್ಕಸಾಲಿಗರ ಅಂಗಡಿಗೆ ನುಗ್ಗಿದೆ. ಹಿರಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು. "ಇದೇನ್ ಒಡವೆ ಸ್ವಾಮಿ?"

"ಕಂಪ್ಯೂಟರಿನ ಮೆದುಳು."

"ಹಂಗಾದ್ರೆ ಮಾತಾಡಿಸ್ಬ್ಯಾಡ್ರಿ" ಎಂದು ಉಸಿರು ಬಿಗಿಹಿಡಿದು, ಚಿಮಟದಲ್ಲಿ ಒಂದೊಂದೇ ಪಿನ್ನು ನೆಟ್ಟಗೆ ಮಾಡಿದರು. ಬಂಗಾರದ ಬಣ್ಣದ ಆ ನೂರಾರು ಪಿನ್ನು ಫಳಫಳ ಹೊಳೆದವು. ಪಕ್ಕದಲ್ಲಿ ಮಗಳ ಮದುವೆ ಒಡವೆಗೆಂದು ಬಂದಿದ್ದ ಹೆಂಗಸು ಕತ್ತು ಚಾಚಿದಳು. "ಅಣ್ಣ, ಇದೇ ಡಿಸೈನಲ್ಲಿ ನಮಗೊಂದು ಜೊತೆ ಓಲೆ ಮಾಡಿಕೊಡ್ರಿ!"

ರೇಸು

ಪಂದ್ಯದ ಭಾನುವಾರ ಕಂಪ್ಯೂಟರು ಬಾಣದ ಹಾಗಿತ್ತು. ಅದೇ ಎಡವಟ್ಟಾಯಿತು. ಮೂರು ವರ್ಷದಿಂದ ನಾನು ತಿರುವಿಗೆ ಎರಡು ಸೆಕೆಂಡು ಮೊದಲೇ ಕೀಲಿ ಒತ್ತಿ ಒತ್ತಿ ಪಳಗಿದ್ದೆ. ಈಗ ಒತ್ತಿದ ಕ್ಷಣಕ್ಕೇ ಕಾರು ತಿರುಗಿಬಿಡುತ್ತಿತ್ತು! ಮೊದಲ ತಿರುವಿನಲ್ಲಿ ಕಾಂಪೌಂಡು, ಎರಡನೆಯದರಲ್ಲಿ ಕೆರೆ, ಮೂರನೆಯದರಲ್ಲಿ ಯಾರದೋ ಹೋಟೆಲ್ಲು. ಹೆಂಡತಿ ಬೆನ್ನ ಹಿಂದೆ ನಿಂತು ಕೈಮುಗಿದಳು. "ದೇವ್ರು ದೊಡ್ಡೋನು ಕಣ್ರಿ, ನಮಗೆ ನಿಜವಾದ ಕಾರು ಕೊಡ್ಲಿಲ್ಲ."

ಉಸ್ತಾದ್

ಗೃಹಪ್ರವೇಶದ ದಿನ ಪಂಕ್ತಿ ತುಂಬಿತ್ತು. ಭಾಮೈದ ರೇಷ್ಮೆ ಪಂಚೆಯಲ್ಲಿ ಎದುರು ಬಂದು ನಿಂತ. "ಭಾವ, ಮಾತು ನೆನಪೈತಾ?"

ಮಾತು ಅಂದರೆ ಮಾತು. ಶಾಮಿಯಾನಾ ಅದುರುವಂತೆ ಕೂಗಿದೆ: "ನಮಸ್ಕಾರ, ಉಸ್ತಾದ್!"

ಎಲೆ ಮುಂದಿನ ಅಜ್ಜನೊಬ್ಬ ತಲೆ ಎತ್ತಿದ. "ಉಸ್ತಾದಾ? ಯಾವ ಗರಡಿಯಪ್ಪ? ಎಂಟು ದಿನದಿಂದ ಸೊಂಟ ಉಳುಕೈತೆ, ಒಂಚೂರು ತೆಗಿ ಬಾ."

ನಮ್ಮ ಕಡೆ ಉಳುಕು ತೆಗೆಯುವವರು ಗರಡಿ ಉಸ್ತಾದರೇ ತಾನೆ? ಪಾಯಸ ಬರುವಷ್ಟರಲ್ಲಿ ಭಾಮೈದನ ಮುಂದೆ ಸಾಲು: ಒಬ್ಬರದು ಕತ್ತು, ಒಬ್ಬರದು ಕಾಲು.

"ಅಯ್ಯೋ, ನಾನು ಕಂಪ್ಯೂಟರ್ ಉಸ್ತಾದ್ರೀ!"

"ಯಾವ ಉಸ್ತಾದಾದ್ರೇನು, ಉಳುಕು ಉಳುಕೇ" ಎಂದು ಅಜ್ಜ ಆಗಲೇ ಚಾಪೆ ಮೇಲೆ ಬೋರಲು ಮಲಗಿದ್ದ.

ಭಾಮೈದ ನನ್ನ ಕೈ ಹಿಡಿದ. "ಭಾವ, ನೀವಾದ್ರೂ ಹೇಳ್ರಿ ಇವರಿಗೆ!"

"ನೀನೇ ಹೇಳಲೇ. ಗಟ್ಟಿಯಾಗಿ."

ಕುರ್ಚಿ ಹತ್ತಿ ಕೂಗಿದ: "ನಾನು ಉಸ್ತಾದ್ ಅಲ್ಲ! ನಮ್ಮ ಭಾವಾನೇ ಉಸ್ತಾದ್!"

ಮೂರು ವರ್ಷ ಸೋತವನಿಗೆ ಸಿಕ್ಕ ಬಿರುದು, ಅದೂ ಸಮಸ್ತ ನೆಂಟರ ಮುಂದೆ! ಹಿಂದೆ ಸರಿಯಲು ಆಗುತ್ತದೆಯೇ? ಮೂರು ಸೊಟ್ಟ ಪಿನ್ನು ನೆಟ್ಟಗೆ ಮಾಡಿಸಿದವನಿಗೆ ಒಂದು ಸೊಂಟ ಯಾವ ಲೆಕ್ಕ ಎಂದು ಅಂಗಿ ತೋಳು ಮಡಚಿದೆ.

ಅಜ್ಜ ಹಾಕಿದ "ಅಯ್ಯಪ್ಪೋ" ಎಷ್ಟು ದೂರ ಕೇಳಿತೋ ನಾನರಿಯೆ. ದೂರದ ರಾಮಗಿರಿ ಸ್ಟೇಷನ್ನಿನಲ್ಲಿ ಮಾತ್ರ, ರೈಲು ಬಂತೆಂದು ಇಬ್ಬರು ಚೀಲ ಎತ್ತಿಕೊಂಡರಂತೆ.