ನಮ್ಮ ಪಡಸಾಲೆಯಲ್ಲಿ ಆಡಿದ ಇಂಗ್ಲೆಂಡಿನ ತಂಡ

ಕೆಲವರ ಮನೆಗೆ ಹಾವು ಬರುತ್ತವೆ, ಕೆಲವರ ಮನೆಗೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಪ್ರಸಂಗಗಳು ಬರುತ್ತವೆ. ಬಂದವು ಮರೆತುಹೋಗುವುದೂ ಇಲ್ಲ, ಏಕೆಂದರೆ ನಾನು ಬರೆದಿಡುತ್ತೇನೆ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಹಾನಗಲ್ಲಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು ನಾನು. ಮಳೆ ಬಿದ್ದ ದಿನ, ಕರೆಂಟು ಹೋದ ಹೊತ್ತು, ಎಮ್ಮೆ ಈದ ತಾರೀಕು, ಮೊಮ್ಮಕ್ಕಳ ಲಸಿಕೆ, ಎಲ್ಲಕ್ಕೂ ಒಂದೊಂದು ರಜಿಸ್ಟರ್ ಇಟ್ಟಿದ್ದೇನೆ. ಈ ಪ್ರಸಂಗಗಳು ಇರುವುದು ನೀಲಿ ರಟ್ಟಿನದರಲ್ಲಿ. ಅದರ ಮೇಲೆ ‘ಫುಟ್‌ಬಾಲ್’ ಎಂದು ದೊಡ್ಡದಾಗಿ ಬರೆದಿದ್ದೇನೆ. ನಮ್ಮ ಮನೆತನದಲ್ಲಿ ಯಾರೊಬ್ಬರೂ ಇದುವರೆಗೆ ಫುಟ್‌ಬಾಲಿಗೆ ಕಾಲು ತಾಗಿಸಿಲ್ಲ ಎಂಬುದನ್ನೂ ಮೊದಲ ಪುಟದಲ್ಲೇ ನಮೂದಿಸಿದ್ದೇನೆ.

೧. ಪ್ಲಾಸ್ಟರ್

ಶ್ರಾವಣದಲ್ಲಿ ನಮ್ಮ ಯಜಮಾನರು ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್. ನಲವತ್ತು ವರ್ಷ ಅಕ್ಕಿ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿದ ಮನುಷ್ಯ ಒಮ್ಮೆಲೇ ಮಾತು ಬಿಟ್ಟರು. ಪಡಸಾಲೆಯಲ್ಲಿ ಮಂಚ ಹಾಕಿದ್ದೆವು. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವರು. ಮೂರು ವಾರ "ಹೂಂ" ಮತ್ತು "ಊಹೂಂ" ಬಿಟ್ಟರೆ ಬೇರೆ ಶಬ್ದವಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಎಲುಬು ಕೂಡತೈತ್ರಿ ಅಕ್ಕೋರ, ಆದ್ರ ಮನಸ್ಸಿಗೆ ಏನರ ಒಂದು ಹಚ್ರಿ" ಎಂದರು.

ಒಂದು ಶನಿವಾರ ಸಂಜೆ ನಾನು ಮಹಿಳಾ ಮಂಡಳದ ಸಭೆಗೆ ಹೋಗಿದ್ದೆ. ಕುಸ್ತಿ ಹುಡುಕುತ್ತಿದ್ದ ಯಜಮಾನರ ಕೈಯಿಂದ ರಿಮೋಟ್ ಜಾರಿ ಮಂಚದ ಕೆಳಗೆ ಹೋಯಿತು. ಟಿ.ವಿ. ಇಂಗ್ಲೆಂಡಿನ ಫುಟ್‌ಬಾಲಿನ ಮೇಲೆ ನಿಂತುಬಿಟ್ಟಿತು. ಏಳುವಂತಿಲ್ಲ, ಕೂಗಿದರೆ ಕೇಳುವವರಿಲ್ಲ. ಪೂರ್ತಿ ಆಟ ನೋಡಿದರು. ನಾನು ಬಂದಾಗ ಒಂದು ತಂಡ ನಾಲ್ಕು ಗೋಲಿನಿಂದ ಸೋತು, ತಲೆ ತಗ್ಗಿಸಿಕೊಂಡು ಹೊರಡುತ್ತಿತ್ತು. ಯಜಮಾನರ ಕಣ್ಣು ಹೊಳೆಯುತ್ತಿದ್ದವು. ಮೂರು ವಾರದ ಮೌನ ಮುರಿದು ಹೇಳಿದರು:

"ಇವರಿಗೂ ಕಾಲು ಮುರದಾವ ನೋಡ. ಪ್ಲಾಸ್ಟರ್ ಒಂದ ಹಾಕಿಲ್ಲ."

ಅಂದಿನಿಂದ ಅದು ‘ನಮ್ಮ ತಂಡ’. ಅದರ ಊರಿನ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ, ಬರಬೇಕಾದ ಅಗತ್ಯವೂ ಬೀಳಲಿಲ್ಲ.

೨. ಎರಡನೆಯ ಸಲ

ನಿಯಮಗಳನ್ನು ನಾನು ಒಂದು ವಾರದಲ್ಲಿ ಕಲಿತೆ. ಒಟ್ಟು ಇಪ್ಪತ್ತು ತಂಡ. ಗೆದ್ದರೆ ಮೂರು ಪಾಯಿಂಟ್, ಸಮವಾದರೆ ಒಂದು. ವರ್ಷದ ಕೊನೆಗೆ ಕೆಳಗಿನ ಮೂರು ತಂಡಗಳನ್ನು ಕೆಳದರ್ಜೆಗೆ ದಬ್ಬುತ್ತಾರೆ. ಆ ಕೆಳದರ್ಜೆಯ ಆಟ ನಮ್ಮ ಟಿ.ವಿ.ಯಲ್ಲಿ ಬರುವುದೇ ಇಲ್ಲ. ನಮ್ಮ ತಂಡ ಕೆಳಗೆ ಬಿತ್ತೆಂದರೆ ಯಜಮಾನರ ಪಾಲಿಗೆ ಅದು ಸತ್ತ ಹಾಗೆ, ಅವರು ಮತ್ತೆ ಗೋಡೆಯ ಕಡೆ ಹೊರಳುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ಶನಿವಾರ ನಮ್ಮವರು ಮತ್ತೆ ಸೋತರು. ಮರುದಿನ ಮಧ್ಯಾಹ್ನ ನೋಡಿದರೆ ಯಜಮಾನರು ಹಣೆಗೆ ವಿಭೂತಿ ಹಚ್ಚಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಟಿ.ವಿ. ಮುಂದೆ ಸಿದ್ಧ. "ಇವತ್ತೂ ಐತಿ ಆಟ" ಎಂದರು. ನಾನೂ ರಜಿಸ್ಟರ್ ಹಿಡಿದು ಕುಳಿತೆ. ಹನ್ನೆರಡನೆಯ ನಿಮಿಷಕ್ಕೆ ಎಡಮೂಲೆಯಿಂದ ಒಂದು ಗೋಲು ಬಿತ್ತು. ಹಿಂದಿನ ದಿನದ ಪುಟ ನೋಡಿದೆ: ಹನ್ನೆರಡನೆಯ ನಿಮಿಷ, ಎಡಮೂಲೆ.

"ಅಲ್ರೀ, ಇದು ನಿನ್ನೀ ಆಟ! ಮತ್ತ ತೋರ್ಸಾಕತ್ತಾರ."

"ಗೊತ್ತೈತಿ, ಸುಮ್ನಿರ. ನಿನ್ನೆ ಎರಡನೇ ಗೋಲು ಬೀಳೂ ಮುಂದ ನಾ ನೀರು ಕುಡ್ಯಾಕ ಮಾರಿ ತಿರಿವಿದ್ನಿ. ಇವತ್ತ ತಿರವೂದಿಲ್ಲ."

ತಿರುವಲಿಲ್ಲ. ಕಣ್ಣು ಕೂಡ ಮಿಟುಕಿಸಲಿಲ್ಲ. ಎರಡನೆಯ ಗೋಲು ಅದೇ ಹೊತ್ತಿಗೆ ಅದೇ ಜಾಗದಲ್ಲಿ ಬಿತ್ತು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಯಜಮಾನರು ದಿಂಬಿಗೆ ಒರಗಿ ಸಮಾಧಾನದಿಂದ ಹೇಳಿದರು:

"ಏನ ಅನ್ನು, ನಿನ್ನಿಗಿಂತ ಇವತ್ತ ಛಲೋ ಆಡಿದ್ರು."

೩. ಹೋಗುವವರು

ದೀಪಾವಳಿಗೆ ಯಜಮಾನರ ಅಕ್ಕ ಹತ್ತಿಮತ್ತೂರಿನಿಂದ ಬಂದರು. ಎಂಬತ್ತರ ಹತ್ತಿರದ ಜೀವ, ಧ್ವನಿ ಮಾತ್ರ ಇಪ್ಪತ್ತರದು. ನಮ್ಮ ಸೊಸೆ ಶಿಗ್ಗಾವಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಟಿ.ವಿ.ಯಲ್ಲಿ ಮಾತಾಡುವವನ ಇಂಗ್ಲಿಷನ್ನು ಮನೆಮಂದಿಗೆ ಕನ್ನಡ ಮಾಡಿ ಹೇಳುವ ಕೆಲಸ ಅವಳದು.

"ಏನಂತಾನವ?" ಎಂದು ಅಕ್ಕ ಕೇಳಿದರು.

"ನಮ್ಮ ತಂಡ ಕೆಳಗ ಹೋಗ್ತೈತಿ ಅಂತ ಹೇಳಾಕತ್ತಾನ್ರಿ."

"ಅಯ್ಯ ಬಾಯಾಗ ಮಣ್ಣ ಹಾಕ ಅವಂದು! ಮನಿಂದ ಎಮ್ಮಿ ಮೇಯಾಕ ಹೊಂಟ್ರೂ ನಾವು ‘ಹೋಗಿ ಬಾ’ ಅಂತೇವಿ. ಬೆಳದ ಹುಡುಗೂರ ಮುಂದ ಕುಂತು ಹೋಗ್ತಾರ, ಹೋಗ್ತಾರ ಅಂತಾನಲ್ಲ. ‘ಹೋಗಿ ಬರ್ತಾರ’ ಅನ್ನಬೇಕು ಅಂತ ಹೇಳ ಅವಗ."

ಅವನಿಗೆ ಹೇಳುವುದು ಸಾಧ್ಯವಿರಲಿಲ್ಲ, ನಮಗೆ ಸಾಧ್ಯವಿತ್ತು. ಆ ದಿನದಿಂದ ನಮ್ಮ ಮನೆಯಲ್ಲಿ ‘ಹೋಗ್ತಾರ’ ಎಂಬ ಮಾತಿಗೆ ನಿಷೇಧ. ಸೊಸೆ ಕೂಡ ಶಿಸ್ತಾಗಿ, "ಹಿಂಗ ಆಡಿದ್ರ ಖಂಡಿತ ಕೆಳಗ ಹೋಗಿ ಬರ್ತಾರ ಅಂತಾನ್ರಿ" ಎಂದೇ ಅನುವಾದಿಸಲು ಕಲಿತಳು.

ಡಿಸೆಂಬರಿನಲ್ಲಿ, ಸದಾ ಕೋಟು ಹಾಕಿಕೊಂಡು ಅಂಚಿನಲ್ಲಿ ನಿಲ್ಲುತ್ತಿದ್ದ ನಮ್ಮ ತಂಡದ ತರಬೇತುದಾರನನ್ನು ಕೆಲಸದಿಂದ ತೆಗೆದರು. ಸುದ್ದಿ ತಿಳಿದು ಅಕ್ಕ ಹತ್ತಿಮತ್ತೂರಿನಿಂದ ಫೋನ್ ಮಾಡಿದರು.

"ಆ ಕೋಟಿನ್ಯಾವ ಹೋದನಂತ?"

"ಹೂಂನ್ರಿ ಅಕ್ಕಾರ, ಹೋಗಿ ಬರ್ತಾನ."

"ಏ, ಅವ ಹೋಗಲಿ. ಬರೂದು ಬ್ಯಾಡ."

೪. ರೊಟ್ಟಿ

ಹೊಸ ತರಬೇತುದಾರ ಬಂದರೂ ಗೆಲುವು ಬರಲಿಲ್ಲ. ಸಂಕ್ರಾಂತಿ ಮುಗಿದ ಮೇಲಿನ ಒಂದು ಶನಿವಾರ, ಅಡುಗೆಮನೆಯಲ್ಲಿ ಸೊಸೆ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ನಮ್ಮವರು ಗೋಲು ಹೊಡೆದರು. ಮೂರನೆಯ ರೊಟ್ಟಿಗೆ ಒಂದು, ಒಂಬತ್ತನೆಯ ರೊಟ್ಟಿಗೆ ಇನ್ನೊಂದು. ಗೆದ್ದರು! ಯಜಮಾನರು ತೀರ್ಪು ಕೊಟ್ಟರು: "ಇದು ರೊಟ್ಟಿ ಸಪ್ಪಳದ ಮಹಿಮಾ."

ನಾನು ವಿಜ್ಞಾನ ಓದಿದವಳು, ಇಂಥದ್ದನ್ನೆಲ್ಲ ಒಪ್ಪುವುದಿಲ್ಲ. ಅವರ ತಪ್ಪನ್ನು ತೋರಿಸಲೆಂದೇ ರಜಿಸ್ಟರ್ ತೆಗೆದೆ. ಪ್ರತಿ ಪಂದ್ಯದ ದಿನದ ಊಟವನ್ನೂ ಬರೆದಿದ್ದೆ. ಅನ್ನ ಮಾಡಿದ ದಿನ ಸೋಲು. ಚಪಾತಿ ಮಾಡಿದ ದಿನ ಸೋಲು. ಉಪ್ಪಿಟ್ಟಿನ ದಿನ ಐದು ಗೋಲಿನ ಸೋಲು. ವಿಜ್ಞಾನಕ್ಕೆ ಬೇಕಾದದ್ದು ಪುರಾವೆ, ಸಿಕ್ಕಿತು. ಸೊಸೆಯನ್ನು ಕರೆದು, "ಇನ್ನ ಮ್ಯಾಲೆ ಆಟ ಇದ್ದ ದಿನ ರೊಟ್ಟಿನ ಮಾಡವಾ" ಎಂದೆ.

ಆದರೆ ಆಟ ತೊಂಬತ್ತು ನಿಮಿಷದ್ದು. ತೊಂಬತ್ತು ನಿಮಿಷ ರೊಟ್ಟಿ ಬಡಿದರೆ ಒಂದು ಮದುವೆಗಾಗುವಷ್ಟು ರೊಟ್ಟಿ ಆಗುತ್ತವೆ. ಬುಟ್ಟಿ ತುಂಬಿದವು, ಓಣಿಗೆ ಹಂಚಿದೆವು, ಉಳಿದವನ್ನು ಒಣಗಿಸಿ ಕಟಕ್ ರೊಟ್ಟಿ ಮಾಡಿ ಮಾಸೂರಿನ ನೆಂಟರಿಗೆ ಕಳಿಸಿದೆವು. ಒಂದು ದಿನ ಆಟ ಸಮವಾಗಿ ನಿಂತಿದೆ. ರೆಫರಿ ಏಳು ನಿಮಿಷ ಹೆಚ್ಚಿಗೆ ಕೊಟ್ಟ. ಒಳಗಿನ ಸಪ್ಪಳ ನಿಂತಿತು.

"ಬಡೀವಾ!" ಎಂದು ಯಜಮಾನರು ಕೂಗಿದರು.

"ಹಿಟ್ಟು ಮುಗದೈತ್ರಿ ಮಾವಾರ!"

ಅಷ್ಟರಲ್ಲಿ ಗೋಲು ಬಿದ್ದು ಸೋತೇಬಿಟ್ಟೆವು. ಟಿ.ವಿ.ಯಲ್ಲಿ ಎಲ್ಲರೂ ಗೋಲ್‌ಕೀಪರನನ್ನು ಬೈಯುತ್ತಿದ್ದರು. ಹಿಟ್ಟು ಬೀಸಿಸಿಕೊಂಡು ಬರುವುದು ನನ್ನ ಕೆಲಸವಾಗಿತ್ತಾದ್ದರಿಂದ ನಾನೂ ರಜಿಸ್ಟರಿನಲ್ಲಿ ತಪ್ಪು ಗೋಲ್‌ಕೀಪರನದೆಂದೇ ಬರೆದೆ.

ಆ ಬಳಿಕ ಸಪ್ಪಳ ಒಂದು ದಿನವೂ ನಿಲ್ಲಲಿಲ್ಲ. ನಮ್ಮವರು ಒಂದು ಗೆದ್ದರು, ಎರಡು ಸಮ ಮಾಡಿಕೊಂಡರು, ಮತ್ತೊಂದು ಗೆದ್ದರು. ಇಷ್ಟೊಂದು ಬಡಿದ ಸೊಸೆಗೆ ಮಜ್ಜಿಗೆ ಕೊಡೋಣವೆಂದು ಅಡುಗೆಮನೆಗೆ ಹೋದೆ. ಒಲೆ ಆರಿತ್ತು. ಹಿಟ್ಟು ನಾದುವ ಕೊಣಮಿಗೆಯ ಮೇಲೆ ಮೊಬೈಲ್ ಇತ್ತು, ಅದರಿಂದ ‘ಟಪ್ ಟಪ್ ಟಪ್’ ಬರುತ್ತಿತ್ತು. ಸೊಸೆ ಮಣೆಯ ಮೇಲೆ ಕುಳಿತು ವಿದ್ಯಾರ್ಥಿಗಳ ಪೇಪರ್ ತಿದ್ದುತ್ತಿದ್ದಳು.

"ಎಷ್ಟ ದಿನದಿಂದ ಇದು?" ಎಂದೆ.

"ಒಂದ ತಿಂಗಳಾತ್ರಿ ಅತ್ತಿ. ಬೇಕಾದ್ರ ನಿಂದರಸ್ತೇನಿ."

ಪಡಸಾಲೆಯಲ್ಲಿ ನಮ್ಮವರು ಒಂದು ಗೋಲು ಮುಂದಿದ್ದರು. ನಾನು ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದೆ:

"ಚಾರ್ಜ್ ಐತೇನ ನೋಡ."

೫. ಗೋಡೆಯಾಚೆಯ ಆಟ

ಮೇ ತಿಂಗಳು ಬಂತು. ಯಜಮಾನರು ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಿದ್ದರು, ದಿನವಿಡೀ ಮಾತಾಡುತ್ತಿದ್ದರು. ಕೊನೆಯ ಪಂದ್ಯ ಉಳಿದಿತ್ತು. ನಾವು ಹದಿನೇಳನೆಯ ಜಾಗದಲ್ಲಿ, ನಮ್ಮ ಬೆನ್ನಿಗೆ ಎರಡೇ ಪಾಯಿಂಟ್ ಹಿಂದೆ ಇನ್ನೊಂದು ತಂಡ ಹದಿನೆಂಟನೆಯ ಜಾಗದಲ್ಲಿ. ನಾವು ಸೋತು ಅವರು ಗೆದ್ದರೆ ನಮ್ಮ ಕಥೆ ಮುಗಿಯಿತು. ಎರಡೂ ಆಟ ಒಂದೇ ಹೊತ್ತಿಗೆ. ಟಿ.ವಿ. ಒಂದೇ.

ಪಕ್ಕದ ಮನೆಯವರು ಸವಣೂರಿನ ವೀಳ್ಯದೆಲೆ ವ್ಯಾಪಾರಿ. ಫುಟ್‌ಬಾಲ್ ನೋಡಿದವರಲ್ಲ, ಆದರೆ ಮಾತಿಗೆ ಒಳ್ಳೆಯವರು. ಅವರ ಕೈಯಲ್ಲಿ ಒಂದು ಚೀಟಿ ಕೊಟ್ಟೆ: ‘ಈ ತಂಡ ಗೆಲ್ಲಬಾರದು.’ ಅವರು ತಮ್ಮ ಮನೆಯಲ್ಲಿ ಆ ಆಟ ನೋಡಿ ಗೋಡೆಯ ಮೇಲಿಂದ ಸುದ್ದಿ ಕೊಡುವುದೆಂದು ಮಾತಾಯಿತು.

ನಮ್ಮವರ ಮೇಲೆ ಅರ್ಧ ಆಟದೊಳಗೇ ಎರಡು ಗೋಲು ಬಿದ್ದವು. ಗೋಡೆಯಾಚೆಯಿಂದ ಕೇಕೆ ಕೇಳಿಸಿತು.

"ಸಾವ್ಕಾರ್ರ! ಹೊಡದ್ರೀ! ಏನ ಹೊಡದಾನ್ರಿ!"

"ಯಾರು ಹೊಡದ್ರು?"

"ನಮ್ಮವ್ರ್ರಿ!"

"ನಿಮ್ಮವ್ರು ಯಾರೋ ಮಾರಾಯಾ?"

ನಾನು ಸ್ಟೂಲು ಹತ್ತಿ ಗೋಡೆಯ ಮೇಲೆ ಇಣುಕಿದೆ. ಅವರು ನನ್ನ ಚೀಟಿಯನ್ನು ಮಡಚಿ ಜೇಬಿಗೆ ಸೇರಿಸಿಬಿಟ್ಟಿದ್ದರು. "ಏನ ಮಾಡ್ಲಿ ಅಕ್ಕೋರ, ಮುಕ್ಕಾಲು ತಾಸು ಅವರ ಮಾರಿ ನೋಡೇನಿ. ಗೋಲ್‌ಕೀಪರ್ ಅಂತೂ ಖರೇನ ನಮ್ಮ ತಂಗಿ ಮಗನ ಹಂಗ ಅದಾನ. ಹೆಂಗ ಬಿಡ್ಲಿ?"

ನಮ್ಮ ಆಟ ಮೂರು–ಸೊನ್ನೆ ಸೋಲಿನಲ್ಲಿ ಮುಗಿಯಿತು. ಯಜಮಾನರು ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಲು ಶುರುಮಾಡಿದ್ದನ್ನು ನಾನು ನೋಡಿದೆ. ಸೊಸೆಯೂ ನೋಡಿದಳು. ಒಂದು ನಿಮಿಷ. ಎರಡು ನಿಮಿಷ. ಆಗ ಆಚೆಯಿಂದ ಅಳುವ ದನಿ ಬಂತು.

"ಹಾಳಾತ್ರೀ ಸಾವ್ಕಾರ್ರ… ಕಡೀ ಗಳಿಗ್ಯಾಗ ಗೋಲು ಬಿತ್ರೀ… ಒಂದಕ್ಕೊಂದು ಆಗಿ ಮುಗದ ಹೋತು…"

ಸಮ ಎಂದರೆ ಅವರಿಗೆ ಒಂದೇ ಪಾಯಿಂಟ್. ಎರಡರಲ್ಲಿ ಒಂದು ಕಳೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಬೇಗ ನಾನು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. "ಉಳದ್ವಿ!" ಎಂದು ಕೂಗಿದೆ. ಯಜಮಾನರು ಸೊಸೆಯ ತಲೆ ಸವರಿದರು, ನನ್ನ ಕೈ ಹಿಡಿದರು, ಎಲ್ಲರೂ ಒಟ್ಟಿಗೇ ಮಾತಾಡಿದೆವು. ಸ್ವಲ್ಪ ಹೊತ್ತಿಗೆ ಎಲೆ ವ್ಯಾಪಾರಿ ಕಣ್ಣು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಯಜಮಾನರು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ತಟ್ಟಿದರು:

"ಸಮಾಧಾನ ಮಾಡ್ಕೋರಿ. ನಿಮ್ಮವ್ರು ಹೋಗಿ ಬರ್ತಾರ."

೬. ಪೇಡೆ

ಮರುದಿನ ಬೆಳಿಗ್ಗೆ ಧಾರವಾಡದ ಪೇಡೆ ತರಿಸಿ ಓಣಿಗೆಲ್ಲ ಹಂಚಿದೆ. ಎದುರು ಮನೆಯವರು ಸಂತಾಪದ ಮುಖ ಮಾಡಿಕೊಂಡು, "ಸೋತ್ರಂತಲ್ರಿ ಅಕ್ಕೋರ?" ಎಂದರು. "ಹೌದ್ರಿ, ಮೂರು ಗೋಲಿನಿಂದ. ತಗೋರಿ, ಇನ್ನೊಂದು ತಗೋರಿ!" ಎಂದೆ. ಅವರು ಪೇಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

ಬೇಸಿಗೆ ರಜೆಗೆಂದು ಹಿರೇಕೆರೂರಿನಿಂದ ಬಂದಿದ್ದ ನನ್ನ ಮಗಳು ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಡಬ್ಬಿ ಖಾಲಿಯಾಗುತ್ತ ಬಂದಾಗ ಕೇಳಿದಳು:

"ಅವ್ವಾ, ಇವರು ಎಷ್ಟನೇ ನಂಬರ ಬಂದ್ರು?"

"ಹದಿನೇಳು!" ಎಂದೆ ಹೆಮ್ಮೆಯಿಂದ.

"ಎಷ್ಟರಾಗ?"

"ಇಪ್ಪತ್ತರಾಗ."

"ಹಂಗಾದ್ರ ಒಂದು ಮಾತು ಕೇಳ್ತೇನಿ. ನಾ ಎಸ್ಸೆಸ್ಸೆಲ್ಸಿ ಒಳಗ ಇಡೀ ಸಾಲಿಗೆ ಎರಡನೇ ನಂಬರ ಬಂದಾಗ ಪೇಡೆ ಹೋಗ್ಲಿ, ಒಂದು ಹರಳು ಸಕ್ಕರಿ ಕೊಟ್ಟಿದ್ದೇನ? ‘ಮೊದಲನೇ ನಂಬರ ಯಾರು’ ಅಂತ ಕೇಳಿದಿ!"

ಕೇಳಿದ್ದು ನಿಜ. ಯಾವುದೋ ಒಂದು ರಜಿಸ್ಟರಿನಲ್ಲಿ ಅದೂ ಇದ್ದೀತು. ನಾನು ಡಬ್ಬಿಯನ್ನು ಅವಳ ಮುಂದೆ ಹಿಡಿಯುವಷ್ಟರಲ್ಲಿ, ಯಜಮಾನರು ಕೊನೆಯ ಪೇಡೆ ಬಾಯಿಗೆ ಹಾಕಿಕೊಂಡು ನನ್ನ ನೆರವಿಗೆ ಬಂದರು:

"ಸಿಟ್ಟಾಗಬ್ಯಾಡವಾ. ಆವಾಗ ನಿಮ್ಮವ್ವಗ ಮ್ಯಾಲಿಂದ ಅಷ್ಟ ಎಣಸಾಕ ಬರ್ತಿತ್ತು. ಕೆಳಗಿಂದ ಎಣಸೂದು ಈ ವರ್ಷ ಕಲತಾಳ."