ಸೀನನ ಟ್ರಂಕು ಮೊದಲೇ ಹೊರಟಿತ್ತು

ಆ ಬುಧವಾರ ಬೆಳಿಗ್ಗೆಯೂ ನಾನು ಎಂದಿನಂತೆಯೇ ಎದ್ದೆ. ಒಲೆ ಹೊತ್ತಿಸಿದೆ, ಡಿಕಾಕ್ಷನ್ ಇಳಿಯಲು ಬಿಟ್ಟೆ, ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಕೂತೆ. ರಂಗೋಲಿ ಬಿಡುತ್ತಲೇ ಬೀದಿಯ ಎರಡೂ ಕಡೆ ಕಣ್ಣು ಹಾಯಿಸುವುದು ನನ್ನ ನಿತ್ಯಕರ್ಮ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದು ಎರಡು ವಿದ್ಯೆ. ಒಂದು ಇಂಗ್ಲಿಷು, ಇನ್ನೊಂದು ಸಣ್ಣ ಸಣ್ಣ ಸಂಗತಿಗಳನ್ನು ಗಮನಿಸುವುದು. ಆದೋನಿಗೆ ಸೊಸೆಯಾಗಿ ಬಂದ ಮೇಲೆ ಇಂಗ್ಲಿಷಿಗೆ ಕೆಲಸ ಸಿಗಲಿಲ್ಲ. ಗಮನಿಸುವುದೊಂದು ಉಳಿದಿತ್ತು.

ಹಾಗೆ ಗಮನಿಸಿದೆ. ಪಕ್ಕದ ಗಂಗಮ್ಮನ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ಅಡಿಗೆಮನೆಯಿಂದ ಹೊಗೆ ಎದ್ದಿರಲಿಲ್ಲ. ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತು ಕೆಮ್ಮುವ ಆಕೆಯ ಮಾವ ವೀರಣ್ಣಜ್ಜನೂ ಕಾಣಲಿಲ್ಲ. ಇಷ್ಟನ್ನೂ ನೋಡಿ ನಾನು ಒಂದು ತೀರ್ಮಾನಕ್ಕೆ ಬಂದೆ: ಗಂಗಮ್ಮ ಇವತ್ತು ತಡವಾಗಿ ಎದ್ದಿದ್ದಾಳೆ. ಪಾಪ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಟ್ಟೆ!

ನನಗಾದರೂ ಬೇರೆಯವರ ರಂಗೋಲಿಯ ಚಿಂತೆ ಎಲ್ಲಿಂದ ಬರಬೇಕು? ಅವತ್ತು ನನ್ನ ಮೈದುನ ಸೀನ ಇಂಗ್ಲೆಂಡಿಗೆ ಹೊರಡುವವನಿದ್ದ. ಮದ್ರಾಸಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಅವನ ಕಾಲೇಜಿಗೂ ಅಲ್ಲಿಯ ಒಂದು ಯೂನಿವರ್ಸಿಟಿಗೂ ಒಪ್ಪಂದವಾಗಿತ್ತು. ಒಂದು ವರ್ಷ ಅಲ್ಲಿಯ ವಿದ್ಯಾರ್ಥಿ ಇಲ್ಲಿಗೆ, ಇಲ್ಲಿಯ ವಿದ್ಯಾರ್ಥಿ ಅಲ್ಲಿಗೆ. ಇದನ್ನು ಅತ್ತೆಯವರಿಗೆ ನಾನೇ ಬಿಡಿಸಿ ಹೇಳಿದ್ದೆ.

"ಅಂದ್ರ ಸಾಟಿ ಮದುವಿ ಇದ್ದಂಗ," ಎಂದರು ಅತ್ತೆ. "ನಮ್ಮ ಕೂಸು ಅವರ ಮನಿಗೆ, ಅವರ ಕೂಸು ನಮ್ಮ ಮನಿಗೆ. ಅವರ ಕೂಸು ಉಣ್ಣಾಕ ಏನು ಬೇಡತೈತೋ?"

"ಅದು ಮದ್ರಾಸಿನಾಗ ಇರತೈತಿ ಅತ್ತಿ, ನಮ್ಮ ಮನಿಗಿ ಬರಂಗಿಲ್ಲ."

"ಮತ್ತ ಸಾಟಿ ಹೆಂಗಾತು?" ಎಂದು ಅವರು ಮುಖ ತಿರುಗಿಸಿದ್ದರು.

ಅಲ್ಲಿ ಸೀನ ಸೇತುವೆ ಕಟ್ಟುವುದು, ಯಂತ್ರ ಕೂಡಿಸುವುದು ಎಲ್ಲ ಓದುವವನೇ. ಜೊತೆಗೆ ಅರ್ಥಶಾಸ್ತ್ರವನ್ನೂ ಕಡ್ಡಾಯವಾಗಿ ಓದಬೇಕೆಂದು ಅವರು ಬರೆದಿದ್ದರು. ಸೇತುವೆಗೆ ಹೆದರದ ಹುಡುಗ ಅರ್ಥಶಾಸ್ತ್ರಕ್ಕೆ ಹೆದರಿದ! ಆಗ ನನ್ನ ಇಂಗ್ಲಿಷಿಗೆ ಕೊನೆಗೂ ಕೆಲಸ ಬಂತು. ರಜೆಯಲ್ಲಿ ಬಂದಾಗಲೆಲ್ಲ ಅವನಿಗೆ ದಪ್ಪ ಪುಸ್ತಕವನ್ನು ಓದಿ ಹೇಳಿದೆ. ನಾನು ಹಿಟ್ಟು ರುಬ್ಬುತ್ತ ಹೇಳುವುದು, ಅವನು ನುಚ್ಚು ಆರಿಸುತ್ತ ಕೇಳುವುದು. ಆ ಪುಸ್ತಕದಲ್ಲಿ ಯಾವ ನಿಯಮ ತೆಗೆದರೂ ಬಾಲದಲ್ಲಿ ಒಂದೇ ಮಾತು: ಉಳಿದ ಸಂಗತಿಗಳು ಹಾಗೇ ಇದ್ದರೆ.

"ಉಳಿದ ಸಂಗತಿ ಯಾವಾಗ ಹಾಗೇ ಇರತಾವ ವೈನಿ?" ಎಂದು ಸೀನ ನಗುತ್ತಿದ್ದ. "ನಮ್ಮ ಇಂಜಿನಿಯರಿಂಗೇ ಚಲೋ. ಏನರ ಆಗತೈತಿ ಅಂತ ಮೊದಲೇ ತಿಳಕೊಂಡು, ಸೇತುವಿ ತೊಲಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಬಲ ಇಡತೀವಿ."

ಈ ಮಾತು ನನಗೆ ಬಹಳ ಹಿಡಿಸಿತು. ಅದೇ ಮುಳುವಾಯಿತು.

ಹಿಂದಿನ ದಿನ ಅತ್ತೆ ಪಂಚಾಂಗ ತೆಗೆದು ಎದೆ ಹಿಡಿದುಕೊಂಡಿದ್ದರು. ಬುಧವಾರ ಮಧ್ಯಾಹ್ನ ರಾಹುಕಾಲ. ಬೊಂಬಾಯಿಗೆ ಹೋಗುವ ಮೇಲು ರೈಲು ಬರುವುದೂ ಸರಿಯಾಗಿ ಆಗಲೇ. ಹಡಗು ಮರುದಿನ ಸಂಜೆ. ಮೇಲು ತಪ್ಪಿದರೆ ಹಡಗು ತಪ್ಪಿತು. ಹಡಗು ತಪ್ಪಿದರೆ ಪಾಠ ಶುರುವಾಗುವುದರೊಳಗೆ ಸೀನ ಅಲ್ಲಿರುವುದಿಲ್ಲ, ಜಾಗ ಮದ್ರಾಸಿನ ಹಡಗಿಗೆ ಟಿಕೀಟು ಹಿಡಿದು ಕಾಯುತ್ತಿರುವ ಎರಡನೇ ಹುಡುಗನಿಗೆ ಹೋಗುತ್ತದೆ. ಅತ್ತೆಯವರಿಗೆ ಇದು ಯಾವುದೂ ಬೇಡ. "ರಾಹುಕಾಲದಾಗ ನನ್ನ ಮಗ ಹೊಸ್ತಿಲಾ ದಾಟಂಗಿಲ್ಲ," ಎಂದು ಹೊಸ್ತಿಲ ಮೇಲೆಯೇ ಕೂತುಬಿಟ್ಟರು.

ಆಗ ನಾನು ಒಂದು ಉಪಾಯ ಸೂಚಿಸಿದೆ. "ಅತ್ತಿ, ಪ್ರಸ್ಥಾನ ಇಟ್ಟರ ಹೆಂಗ?"

ಹೊರಡುವ ಹೊತ್ತು ಕೆಟ್ಟದ್ದಿದ್ದರೆ, ಒಳ್ಳೆಯ ಹೊತ್ತಿನಲ್ಲಿ ಪ್ರಯಾಣಿಕನ ಸಾಮಾನೊಂದನ್ನು ಹೋಗುವ ದಿಕ್ಕಿನ ಮನೆಯಲ್ಲಿ ಇಟ್ಟುಬಿಡುವುದು. ಸಾಮಾನು ಹೊರಟರೆ ಮನುಷ್ಯ ಹೊರಟಂತೆಯೇ. ಆಮೇಲೆ ಯಾವಾಗಲಾದರೂ ಹೋಗುತ್ತ ಅದನ್ನು ಎತ್ತಿಕೊಂಡರೆ ಸರಿ. ರಾಹು ಮೋಸ ಹೋಗುತ್ತಾನೆ! ಕಾನ್ವೆಂಟಿನಲ್ಲಿ ಓದಿದ ಸೊಸೆಯ ಬಾಯಲ್ಲಿ ಇಂಥ ಮಾತು ಬಂದದ್ದಕ್ಕೆ ಅತ್ತೆ ಕಣ್ಣೊರೆಸಿಕೊಂಡು ಹೊಸ್ತಿಲಿಂದ ಎದ್ದರು. ಬೊಂಬಾಯಿ ದಿಕ್ಕಿಗಿದ್ದದ್ದು ಗಂಗಮ್ಮನ ಮನೆ. ಆ ಸಂಜೆಯೇ ಗೋಡೆಯ ಮೇಲಿಂದ ಕೇಳಿದೆ. ಒಳಗೆ ಮಲಗಿದ್ದ ವೀರಣ್ಣಜ್ಜನೇ ಕೂಗಿ ಹೇಳಿದ: "ತಂದಿಡ್ರಿ ಶಾಂತಮ್ಮಾ! ನನ್ನ ಸಾಮಾನಂತೂ ಊರು ದಾಟಲಿಲ್ಲ, ಹುಡುಗಂದರ ದಾಟಲಿ. ಹಡಗು ನೀರಿನ ಮ್ಯಾಲೆ ಹೆಂಗ ನಿಂದರತೈತಿ ಅಂತ ಬಂದು ಹೇಳಬೇಕಂತ ಹೇಳ್ರಿ ಅವಗ."

ಪ್ರಸ್ಥಾನಕ್ಕೆ ಒಂದು ಪಂಚೆಯಲ್ಲಿ ಹಿಡಿ ಅಕ್ಕಿ ಕಟ್ಟಿ ಇಟ್ಟರೂ ನಡೆಯುತ್ತದೆ. ಎಲ್ಲರೂ ಅಷ್ಟೇ ಮಾಡುವುದು. ಆದರೆ ನಾನು ದುಪ್ಪಟ್ಟು ಬಲದ ಪಾಠ ಕಲಿತವಳಲ್ಲವೇ? ಪಂಚೆಗೆ ಬದಲು ಇಡೀ ಟ್ರಂಕನ್ನೇ ಇಡೋಣ ಎಂದೆ! ಪಾಸ್‌ಪೋರ್ಟು, ಟಿಕೀಟು, ಯೂನಿವರ್ಸಿಟಿಯ ಕಾಗದಗಳು, ಉಣ್ಣೆಯ ಕೋಟು, ಅರ್ಥಶಾಸ್ತ್ರದ ಪುಸ್ತಕ, ಎಲ್ಲ ಅದರಲ್ಲೇ. ಬುಧವಾರ ಬೆಳಿಗ್ಗೆ ಬೀಗ ಹಾಕುವ ಹೊತ್ತಿಗೆ ಶೇಂಗಾ ಚಟ್ನಿಪುಡಿ ನೆನಪಾಯಿತು. ತೆಗೆದು ತುಂಬಿದೆ. ಮತ್ತೆ ಬೀಗ. ಆಮೇಲೆ ಉಪ್ಪಿನಕಾಯಿ. ಅದರ ಎಣ್ಣೆ ಕೋಟಿಗೆ ಸೋರಿದರೆ? ಎಲ್ಲ ತೆಗೆದು ಹೊಸದಾಗಿ ಜೋಡಿಸಿದೆ.

"ಶಾಂತಾ, ಒಳ್ಳೇ ಹೊತ್ತು ಮುಗೀತೈತಿ," ಎಂದು ನಮ್ಮವರು ಬಾಗಿಲಲ್ಲಿ ಚಡಪಡಿಸಿದರು. "ಉಪ್ಪಿನಕಾಯಿ ಇಲ್ಲದ ಸೇತುವಿ ನಿಂದರಂಗಿಲ್ಲೇನು?"

ಅಂತೂ ಹೊತ್ತು ಮುಗಿಯುವ ಅಂಚಿನಲ್ಲಿ ಅಣ್ಣತಮ್ಮ ಇಬ್ಬರೂ ಟ್ರಂಕು ಹೊತ್ತರು. ನಾನು ಮುಂದೆ ಕುಂಕುಮದ ಬಟ್ಟಲು ಹಿಡಿದು ನಡೆದೆ. ಗಂಗಮ್ಮ ಬಾಗಿಲನ್ನು ಒಂದೇ ರೆಕ್ಕೆ ತೆರೆದಳು. ಸೆರಗಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಳು. ಕಣ್ಣು ಕೆಂಪಾಗಿದ್ದವು. ಒಲೆ ಊದಿರಬೇಕು ಎಂದುಕೊಂಡೆ. ಹೊಗೆಯೇ ಇಲ್ಲದ ಒಲೆ!

"ಒಳಗ ಬರಬ್ಯಾಡ್ರಿ ಅಕ್ಕಾರ. ಇಲ್ಲೇ ಕೊಡ್ರಿ, ನಾ ಒಯ್ತೀನಿ."

"ಭಾಳ ಭಾರ ಐತಿ ಗಂಗಮ್ಮ."

"ಪರ್ವಾಲೇದು, ಇರಲಿ," ಎಂದು ಆಕೆ ಟ್ರಂಕನ್ನು ಒಳಗೆಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ನಾನು ಚಾಚಿದ ಕುಂಕುಮವನ್ನೂ ಮುಟ್ಟಲಿಲ್ಲ. 'ನಡವಳಿಕೆ ಎಂಬುದು ಎಲ್ಲರಿಗೂ ಬರುವುದಿಲ್ಲ' ಎಂದುಕೊಂಡು ಎರಡನೇ ಸಲ ಕ್ಷಮಿಸಿದೆ.

ನಾವು ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಹಿಂದಿನಿಂದ ಅಳು ಎದ್ದಿತು. ಒಬ್ಬರದಲ್ಲ, ಮನೆಮಂದಿಯೆಲ್ಲರದು, ಕಟ್ಟೆ ಒಡೆದ ಹಾಗೆ.

ವೀರಣ್ಣಜ್ಜ ಹೋಗಿದ್ದ.

ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆಯೂ ಸೇರಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರ ತಲೆಯಲ್ಲಿ ಮೊದಲು ಅಜ್ಜ ಬಂದ, ಯಾರ ತಲೆಯಲ್ಲಿ ಮೊದಲು ಟ್ರಂಕು ಬಂತು ಎಂದು ಈಗ ಕೇಳಬಾರದು.

"ಸಾವಿನ ಮನಿಯಾಗಿಂದ ಸಾಮಾನು ಎತ್ತಿಕೊಂಡು ಹಡಗಾ ಹತ್ತತಾನೇನು?" ಎಂದು ಅತ್ತೆ ಅಲ್ಲೇ ಕುಸಿದರು. "ಯಾವ ಬಾಯಿಲೆ ಪ್ರಸ್ಥಾನ ಅಂದಿ ನೀನು!"

"ಪಾಸ್‌ಪೋರ್ಟು ಇಲ್ಲದಂಗ ಹಡಗಾ ಹತ್ತಸಂಗಿಲ್ಲವ್ವ," ಎಂದರು ನಮ್ಮವರು.

ನಾನು ಧೈರ್ಯ ಹೇಳಿದೆ: "ನಾ ಹೋಗಿ ಸಮಾಧಾನ ಹೇಳಿ, ಹಂಗೇ ಮೆಲ್ಲಕ ಟ್ರಂಕು ತರತೀನಿ. ನೀವು ಜಟಕಾ ಕರೀರಿ."

ಹೋದೆ. ಪಡಸಾಲೆಯ ನಡುವೆ ಅಜ್ಜನನ್ನು ಮಲಗಿಸಿದ್ದರು. ತಲೆಯ ಪಕ್ಕದಲ್ಲಿ ಗೋಡೆಗೆ ತಾಗಿ ನಮ್ಮ ಟ್ರಂಕು. ಟ್ರಂಕಿನ ಮೇಲೆ ಅಜ್ಜನ ಹೆಂಡತಿ! ಕಾಲ ಬಲ ಹೋದಾಗ ಹತ್ತಿರ ಸಿಕ್ಕದ್ದರ ಮೇಲೆ ಕೂತುಬಿಟ್ಟಿತ್ತು ಆ ಮುದುಕಿ. ಈಗಷ್ಟೇ ಗಂಡನನ್ನು ಕಳೆದುಕೊಂಡವಳಿಗೆ 'ಸ್ವಲ್ಪ ಏಳ್ರಿ' ಎಂದು ಯಾವ ಭಾಷೆಯಲ್ಲಿ ಹೇಳುವುದು? ನನಗೆ ಮೂರು ಭಾಷೆ ಬರುತ್ತಿದ್ದವು. ಮೂರರಲ್ಲೂ ಆಗಲಿಲ್ಲ.

ಟ್ರಂಕಿಗೆ ಹತ್ತಿರವಿರಲೆಂದು ಅಜ್ಜಿಯ ಕಾಲ ಬಳಿ ಕೂತೆ. ಅಲ್ಲಿ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಅಜ್ಜನ ಗುಣ ಹಾಡಿಕೊಂಡು ಅಳುತ್ತಿದ್ದರು. ಇವಳು ಅವನ ಎತ್ತುಗಳನ್ನು ಹಾಡಿದರೆ ಅವಳು ಅವನು ಹಂಚುತ್ತಿದ್ದ ಬೆಲ್ಲವನ್ನು ಹಾಡುವಳು. ಹಾಡು ಸರಿಯುತ್ತ ಸರಿಯುತ್ತ ನನ್ನ ಬಳಿ ಬಂದು ನಿಂತಿತು. ಎಲ್ಲರೂ ನನ್ನತ್ತ ನೋಡಿದರು. ನನ್ನ ಸರದಿ!

ಕಾನ್ವೆಂಟಿನಲ್ಲಿ ಇದನ್ನು ಕಲಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದೆ: "ಪೂಜ್ಯ ವೀರಣ್ಣಜ್ಜನವರು ಸಜ್ಜನರಾಗಿದ್ದರು. ಅವರ ಅಗಲಿಕೆಯಿಂದ ನಮ್ಮ ಬೀದಿಗೆ ತುಂಬಲಾರದ ನಷ್ಟವಾಗಿದೆ."

ಅಳು ನಿಂತೇಹೋಯಿತು. ಒಬ್ಬ ಹೆಂಗಸಂತೂ ಸಭೆ ಮುಗಿಯಿತೆಂದು ಏಳಲು ಹೊರಟಳು. ನಾಚಿಕೆಯಿಂದ ಏನಾದರೂ ಸೇರಿಸಬೇಕೆಂದು, "ಹಡಗಿನ ಸುದ್ದಿ ಇನ್ನ ಯಾರಿಗೆ ಹೇಳಬೇಕಜ್ಜಾ?" ಎಂದೆ. ಅದು ಹೇಗೆ ಬಾಯಿಗೆ ಬಂತೋ, ಬಂದದ್ದೇ ನನ್ನ ದನಿ ಒಡೆಯಿತು. ನಿಜವಾಗಿಯೇ ಅತ್ತುಬಿಟ್ಟೆ. ಅಜ್ಜಿ "ಶಾಂತಮ್ಮಾ" ಎಂದು ಎರಡೂ ಕೈಯಲ್ಲಿ ನನ್ನನ್ನು ಮೇಲೆಳೆದು ಪಕ್ಕಕ್ಕೆ ಕೂಡಿಸಿಕೊಂಡು ಬಿಗಿಯಾಗಿ ತಬ್ಬಿತು.

ಈಗ ಟ್ರಂಕಿನ ಮೇಲೆ ಇಬ್ಬರು!

ಹೊರಗೆ ಜಟಕಾ ಬಂದು ನಿಂತ ಗೆಜ್ಜೆ ಸದ್ದು ಕೇಳಿತು. ನಾನು ಏಳಲು ನೋಡಿದಷ್ಟೂ ಅಜ್ಜಿಯ ಹಿಡಿತ ಬಿಗಿಯಾಯಿತು. ಬಿಸಿಲು ಅಂಗಳದ ನಡುವಿಗೆ ಬಂತು. ಗಂಡಸರು ಚಟ್ಟ ಕಟ್ಟಿ ಮುಗಿಸಿದರು. ಕಡೆಗೆ ನನ್ನ ದಾರಿ ನೋಡಿ ನೋಡಿ ಸೀನನೇ ಒಳಗೆ ಬಂದ. ಮೈಮೇಲೆ ಪ್ರಯಾಣದ ಇಸ್ತ್ರಿಯ ಅಂಗಿ. ಕಣ್ಣು ನೇರ ಟ್ರಂಕಿಗೆ ಹೋಯಿತು. ಅಜ್ಜಿ ತಲೆಯೆತ್ತಿ ಅವನನ್ನು ನೋಡಿತು.

"ಬಂದೇನೋ ಮಗಾ? ನಿಮ್ಮಜ್ಜಗ ಹೆಗಲು ಕೊಡಾಕ ಬಂದೇನು? ರೈಲು ಬಿಟ್ಟು ಬಂದೇನೋ ನನ್ನಪ್ಪಾ?"

'ಇಲ್ಲಜ್ಜಿ, ಟ್ರಂಕಿಗೆ ಬಂದಾನ' ಎಂದು ನಾನು ಹೇಳಬೇಕಿತ್ತು. ಹೇಳುವ ಬಾಯಿ ಅಜ್ಜಿಯ ಹೆಗಲಲ್ಲಿ ಹುದುಗಿತ್ತು. ಹುದುಗಿರದಿದ್ದರೂ ಹೇಳುತ್ತಿರಲಿಲ್ಲ. ಸೀನ ನನ್ನನ್ನು ನೋಡಿದ. ಅಜ್ಜನನ್ನು ನೋಡಿದ. ಆಮೇಲೆ ಅಂಗಿಯ ತೋಳು ಮಡಚಿಕೊಂಡ.

"ಹೌದಜ್ಜಿ," ಎಂದ.

ಸುಡುಗಾಡಿನ ದಾರಿ ರೈಲು ಹಳಿಯ ಪಕ್ಕದಲ್ಲೇ ಹೋಗುತ್ತದೆ. ಮೇಲು ಕೂಗುತ್ತ ಅವರನ್ನು ದಾಟಿ ಹೋಯಿತಂತೆ. ಹೆಗಲು ಕೊಟ್ಟವರು ಅದು ಹೋಗುವವರೆಗೂ ಒಂದು ಗಳಿಗೆ ನಿಂತರಂತೆ. ರಾಹುಕಾಲದಲ್ಲಿ ಹೊರಟವರು ಇಬ್ಬರು, ಪ್ರಯಾಣವಾದದ್ದು ಒಬ್ಬನದು. ಸೀನ ಹಿಂದೆಯೇ ಬರುತ್ತಾನೆಂದು ಜಟಕಾದಲ್ಲಿ ಮುಂದಾಗಿ ಹೋಗಿದ್ದ ನಮ್ಮವರು ಬುತ್ತಿಯ ಡಬ್ಬಿಯೊಂದಿಗೆ ಸ್ಟೇಷನ್ನಿನಲ್ಲಿ ಕಾದು, ಅದೇ ಜಟಕಾದಲ್ಲಿ ಅದೇ ಡಬ್ಬಿಯೊಂದಿಗೆ ವಾಪಸಾದರು.

ಟ್ರಂಕೂ ವಾಪಸು ಬಂತು. ಮೈಲಿಗೆ ಕಳೆಯಲೆಂದು ಅತ್ತೆ ಅದರ ಮೇಲೆ ಒಂದು ಕೊಡ ನೀರು ಸುರಿದರು. ನೀರು ಬಾಯಂಚಿನಿಂದ ಒಳಗಿಳಿಯಿತು. ಉಪ್ಪಿನಕಾಯಿಗೆ ಏನೂ ಆಗಲಿಲ್ಲ, ಅಷ್ಟು ಭದ್ರವಾಗಿ ಕಟ್ಟಿದ್ದೆ! ಅರ್ಥಶಾಸ್ತ್ರ ಮಾತ್ರ ನೆನೆದು ಇಡ್ಲಿಯಂತೆ ಉಬ್ಬಿತು. ಸಂಜೆ ಸೀನ ಒದ್ದೆ ತಲೆಯಲ್ಲೇ ಪೋಸ್ಟಾಫೀಸಿಗೆ ಹೋಗಿ, ಎರಡನೇ ಹುಡುಗನನ್ನು ಕಳಿಸಬೇಕೆಂದು ಮದ್ರಾಸಿಗೆ ತಂತಿ ಕೊಟ್ಟು ಬಂದ.

"ಸೀನಾ," ಎಂದೆ.

"ಏನಿಲ್ಲ ಬಿಡ್ರಿ ವೈನಿ," ಎಂದ. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಹಾಕುತ್ತಿದ್ದ. "ನೀವು ಇಟ್ಟ ಪ್ರಸ್ಥಾನ ಭಾಳ ಗಟ್ಟಿ. ಅಲ್ಲಾಡಲಿಲ್ಲ ನೋಡ್ರಿ."

ಅವನು ನಗಿಸಲೆಂದು ಹೇಳಿದ. ನಾನು ಹಿತ್ತಲಿಗೆ ಎದ್ದು ಹೋದೆ. ಗೋಡೆಯಾಚೆ ಗಂಗಮ್ಮ ಪಡಸಾಲೆ ತೊಳೆದ ನೀರನ್ನು ಚೆಲ್ಲುತ್ತಿದ್ದಳು. ಅವಳ ದನಿ ಪೂರಾ ಕಟ್ಟಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, ಅಜ್ಜ ಯಾವಾಗ ಹೋದದ್ದು, ನಾವು ಬಂದಾಗ ಇದ್ದನೇ ಎಂದು ಕೇಳಿದೆ.

"ಎಲ್ಲಿ ಅಕ್ಕಾರ, ಕೋಳಿ ಕೂಗೂ ಹೊತ್ತಿಗೇ ಹೋಗಿದ್ರು," ಎಂದಳು ಗಂಗಮ್ಮ, ಕೊಡ ಬೋರಲು ಹಾಕುತ್ತ. "ಓದೂ ಹುಡುಗನ ಪ್ರಸ್ಥಾನ ಒಳಗ ಬರಲಿ, ಅಪಶಕುನ ಆಗಬಾರದು, ಅಲ್ಲೀತನಕ ಯಾರೂ ಅಳಬ್ಯಾಡ್ರಿ ಅಂತ ನಮ್ಮತ್ತಿ ಎಲ್ಲಾರ ಬಾಯಿ ಮುಚ್ಚಿಸಿದ್ರು. ನೀವು ಬರೂದು ಈಟು ತಡ ಆತು ನೋಡ್ರಿ, ಅಳು ನುಂಗಿ ನುಂಗಿ ನನ್ನ ಗಂಟಲಾ ಹಿಡಕೊಂಡೈತಿ. ನಿಮ್ಮ ಒಲಿ ಮ್ಯಾಲೆ ಬಿಸಿನೀರು ಐತೇನ್ರಿ?"