ಓಣಿಗೆ ಬಂದ ಕ್ವಾಂಟಮ್

ಗಡಿಗೆ ಹತ್ತಿದ ಮರಾಠಿ ಸೀಮೆಯ ಉಮರ್ಗಾದ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದೆ. ಗಂಟೆ ಹೊಡೆದ ಮೇಲೆ ಒಬ್ಬನಾದರೂ ನಿಂತು ಪ್ರಶ್ನೆ ಕೇಳಿದ್ದು ನೆನಪಿಲ್ಲ. ನಿವೃತ್ತನಾದ ಮೇಲೆ, ಬರ ಬಿದ್ದ ಆ ಎರಡು ವರ್ಷ, ಊರೇ ನನ್ನನ್ನು ಹುಡುಕಿಕೊಂಡು ಬರತೊಡಗಿತು. ಕಾರಣ, ಫೋನುಗಳಲ್ಲಿ ಹರಿದಾಡುತ್ತಿದ್ದ ಸಾಕ್ಷ್ಯಚಿತ್ರಗಳು. ಅರ್ಧ ಕ್ವಾಂಟಮ್, ಅರ್ಧ ವೇದಾಂತ, ಹಿಂದೆ ಕೊಳಲು, ನಡುವೆ ತಿರುಗುವ ನೀಲಿ ಗೋಲಗಳು. ಸೀಕರಣೆಯಲ್ಲಿ ಹಾಲು ಯಾವುದು, ಹಣ್ಣು ಯಾವುದು ಎಂದು ಬೇರ್ಪಡಿಸಲು ಬರುತ್ತದೆಯೇ? ಹಾಗೆ ಬೆರೆತಿದ್ದವು. ಬಜಾರದಲ್ಲಿ ಗಿರಾಕಿ ಇಲ್ಲ, ಹೊಲದಲ್ಲಿ ಕೆಲಸ ಇಲ್ಲ, ನೋಡಲು ಎಲ್ಲರಿಗೂ ಪುರುಸೊತ್ತು. ದಿನಕ್ಕೊಂದು ಪ್ರಸಂಗ ತಪ್ಪುತ್ತಿರಲಿಲ್ಲ.

೧. ನೋಡದಿದ್ದರೆ ಇಲ್ಲ

ಪಕ್ಕದ ಮನೆಯವರು ಅರಿವೆ ಅಂಗಡಿಯ ಸಾಹುಕಾರರು. ಒಂದು ಮುಂಜಾನೆ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ನಮ್ಮ ಮನೆಗೆ ಬಂದರು.

"ಸರ್ರ, ನಾವು ನೋಡೋತನಕ ಯಾವ ವಸ್ತುನೂ ಇರಂಗಿಲ್ಲಂತ. ಖರೇ ಏನ್ರೀ?"

"ಅದು ಅಣುವಿಗಿಂತ ಸಣ್ಣ ಕಣದ ಮಾತ್ರೀ. ಅದೂ ನೀವು ಅಂದಂಗ ಅಲ್ಲ..."

ಅಷ್ಟರಲ್ಲಿ ಅವರು ಹೊರಟೇಬಿಟ್ಟಿದ್ದರು. ಮನೆಗೆ ಹೋಗಿ ಹೆಂಡತಿಗೆ ಪಾಠ ಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. "ಈ ಮನಿ, ಈ ಭಾಂಡಿ, ನೀನು, ಎಲ್ಲಾ ನಾ ನೋಡಿದಾಗಷ್ಟೇ ಇರ್ತಾವ."

"ಅಂದ್ರ ನೀವು ಅಂಗಡಿಗಿ ಹೋದ್ರ ನಾ ಇರಂಗಿಲ್ಲೇನು?"

"ವಿಜ್ಞಾನದ ಪ್ರಕಾರ ಇರಂಗಿಲ್ಲ."

ಮಧ್ಯಾಹ್ನ ಹಸಿದು ಬಂದು ಮುಚ್ಚಳ ತೆಗೆದರೆ ಪಾತ್ರೆ ಖಾಲಿ. "ಅಡಿಗಿ ಎಲ್ಲಿ?" ಎಂದು ಕೂಗಿದರು.

ಆಕೆ ಶಾಂತವಾಗಿ ಹೇಳಿದರು: "ಮಾಡ್ಲಿಕ್ಕ ನಾ ಇದ್ದರಲ್ಲ? ಈಗರೆ ನೀವು ನೋಡೀರಿ, ಈಗ ಹುಟ್ಟೀನಿ. ತಡೀರಿ, ಒಲಿ ಹಚ್ಚತೀನಿ."

೨. ನೀರಿನ ಭಾಷೆ

ಇನ್ನೊಂದು ಚಿತ್ರದಲ್ಲಿ ನೀರಿಗೆ ಮಾತು ತಿಳಿಯುತ್ತದೆ, ಒಳ್ಳೆಯ ಮಾತಾಡಿದರೆ ಅದು ಶುದ್ಧವಾಗುತ್ತದೆ ಎಂದಿದ್ದರಂತೆ. ನಮ್ಮ ಓಣಿಗೆ ಐದು ದಿನಕ್ಕೊಮ್ಮೆ ಟ್ಯಾಂಕರ್. ಬರುವುದು ಚಹಾದ ಬಣ್ಣದ ನೀರು. ಎದುರು ಮನೆಯ ಶಾಲಾ ಶಿಕ್ಷಕಿ ತಮ್ಮ ಡ್ರಮ್ಮುಗಳಿಗೆಲ್ಲ ಚೀಟಿ ಅಂಟಿಸತೊಡಗಿದರು. ಮೂಲೆ ಮನೆಯ ಮುದುಕಿ, ಓಣಿಗೆಲ್ಲ ಆಯಿ, ಬಂದು ನಿಂತಳು.

"ಏನ್ ಬರ್ದೀ ತಂಗಿ?"

"ಮರಾಠ್ಯಾಗ 'ಆಭಾರಿ ಆಹೋತ' ಅಂತ ಬರದೀನಿ ಆಯಿ. ನೀರಿಗಿ ಉಪಕಾರ ಹೇಳೋದು."

"ಟ್ಯಾಂಕರ್ ಎಲ್ಲಿ ತುಂಬಕೊಂಡು ಬರ್ತದ?"

"ಗಡಿ ಆಚಿ ಕನ್ನಡ ಸೀಮಿ ಬಾವ್ಯಾಗ."

"ಅಲ್ಲಿ ನೀರಿಗಿ ಮರಾಠಿ ಹ್ಯಾಂಗ ತಿಳೀತದ? ಕನ್ನಡದಾಗ ಬರಿ!"

ಜಗಳ ನನ್ನ ಬಳಿ ಬಂತು. ನಗು ತಡೆದುಕೊಂಡೆ. ಆ ಬೇಸಿಗೆಯಲ್ಲಿ ನೀರಿಗೆ ಉಪಕಾರ ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. "ಯಾವ ಭಾಷಾದಾಗರೆ ಬರೀರಿ, ಕುದಿಸಿ ಕುಡೀರಿ" ಎಂದೆ.

ಆಯಿಗೆ ಚಿಂತೆ ಹತ್ತಿತು. "ಕುದಿಸಿದ್ರ ಕಲ್ತದ್ದೆಲ್ಲಾ ಮರೀತದಲ್ಲೋ ಅಪ್ಪಾ!"

೩. ನಿಲಂಗಾ ಬಸ್ ಸ್ಟ್ಯಾಂಡಿನಲ್ಲಿ

ಉದಗೀರದ ಮಗಳ ಮನೆಗೆ ಹೊರಟಿದ್ದೆ. ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ವಿಚಾರಣೆ ಕಿಟಕಿಯ ಗುಮಾಸ್ತರು ಫೋನಿನಲ್ಲಿ ಡಬ್ಬಿಯೊಳಗಿನ ಬೆಕ್ಕಿನ ಕಥೆ ನೋಡುತ್ತಿದ್ದರು. ಮುಚ್ಚಳ ತೆಗೆಯುವವರೆಗೆ ಅದು ಸತ್ತೂ ಇದೆ, ಬದುಕಿಯೂ ಇದೆ ಅಂತಾರಲ್ಲ, ಅದೇ.

"ಉದಗೀರ ಗಾಡಿ ಬಂದದೇನ್ರೀ?"

"ಬಂದದ. ಬಂದಿಲ್ಲ."

"ಎರಡೂ ಹ್ಯಾಂಗ್ರೀ?"

"ಇಲ್ಲಿಂದ ಗಾಡಿ ಕಾಣಂಗಿಲ್ರೀ. ನೀವು ಹೋಗಿ ನೋಡೋತನಕ ಎರಡೂ ಖರೇ."

ಮೂವತ್ತು ವರ್ಷದಲ್ಲಿ ನಾನು ಇಷ್ಟು ಸರಳವಾಗಿ ಹೇಳಿಕೊಟ್ಟಿರಲಿಲ್ಲ. ಮೆಚ್ಚಿಕೊಂಡು ಅಲ್ಲೇ ಒಂದು ಗಳಿಗೆ ನಿಂತೆ. ಆಮೇಲೆ ಹೋಗಿ ನೋಡಿದರೆ ಗಾಡಿ ಹೋಗಿಬಿಟ್ಟಿತ್ತು.

೪. ಹೊರಗೆ ಕೂತವನು

ಎರಡನೇ ಬೇಸಿಗೆಯಲ್ಲಿ ಒಮ್ಮೆ ಎಂಟು ದಿನ ಟ್ಯಾಂಕರ್ ಬರಲಿಲ್ಲ. ದೂರದ ಬೋರಿನಿಂದ ಕೊಡ ಹೊತ್ತು ನನ್ನ ಹೆಂಡತಿಯ ಮೊಣಕಾಲು ಬಾತಿದ್ದವು. ಆಗ ಸಾಹುಕಾರರು ಹೊಸ ಚಿತ್ರ ನೋಡಿದರು: ನೂರು ಮಂದಿ ಕಣ್ಣು ಮುಚ್ಚಿ ಒಂದೇ ವಿಚಾರ ಮಾಡಿದರೆ ಅದು ನಡೆದೇ ತೀರುತ್ತದೆ. ಹತ್ತು ಗಂಟೆಗೆ ಓಣಿಯ ಮಂದಿಯೆಲ್ಲ ಮಠದಲ್ಲಿ ಸೇರಿತು. ಫೋನುಗಳನ್ನೆಲ್ಲ ಬಂದ್ ಮಾಡಿಸಿದರು. ನಾನೂ ಚಪ್ಪಲಿ ಬಿಟ್ಟು ಮೆಟ್ಟಿಲೇರಿದೆ. ಸಾಹುಕಾರರು ಬಾಗಿಲಲ್ಲೇ ಕೈ ಮುಗಿದರು.

"ಸರ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಸಂಶಯದ ತರಂಗ ಒಳಗ ಬಂದ್ರ ಪ್ರಯೋಗ ಕೆಡತದ. ಹೊರಗ ಕೂಡ್ರಿ."

ಕೂತೆ. ಮುಕ್ಕಾಲು ತಾಸಿಗೆ ನನ್ನ ಫೋನ್ ಬಡಿದುಕೊಂಡಿತು. ಟ್ಯಾಂಕರಿನ ಹೊಸ ಡ್ರೈವರ್!

"ನಿಮ್ಮ ಓಣಿ ಎಲ್ಲದರೀ? ಅರ್ಧಾ ತಾಸಾತು ತಿರಗ್ಲಿಕತ್ತೀನಿ. ಯಾರಿಗಿ ಹಚ್ಚಿದ್ರೂ ಫೋನ್ ಬಂದ್. ನಾ ತುರೋರಿ ಊರಿಗಿ ಹೊಂಟೀನಿ, ಅಲ್ಲೇ ಖಾಲಿ ಮಾಡತೀನಿ."

"ತಡಿಯಪ್ಪಾ, ಬಂದೆ!"

ಚಪ್ಪಲಿಗಳ ರಾಶಿಯಲ್ಲಿ ನನ್ನವು ಸಿಗಲಿಲ್ಲ. ಅರವತ್ತರ ವಯಸ್ಸಿನಲ್ಲಿ, ಸುಡುವ ಡಾಂಬರಿನ ಮೇಲೆ ಬರಿಗಾಲಲ್ಲಿ ಹೈವೇವರೆಗೆ ಓಡಿದೆ. ಹೆಗಲ ಮೇಲಿನ ಟವೆಲ್ಲು ಬೀಸಿ ಟ್ಯಾಂಕರ್ ನಿಲ್ಲಿಸಿದೆ. ಅದರಲ್ಲೇ ಹತ್ತಿ ಕೂತು ಹಾರ್ನ್ ಹೊಡೆಸುತ್ತ ಓಣಿಗೆ ತಂದೆ. ಮಠದ ಬಾಗಿಲು ತೆರೆಯಿತು. ಕೆಲವರ ಕಣ್ಣಲ್ಲಿ ನೀರು. ಸಾಹುಕಾರರು ನನ್ನನ್ನು ತಬ್ಬಿಕೊಂಡರು.

"ನೋಡಿದ್ರ್ಯಾ ಸರ್ರ! ಕಣ್ಣು ಮುಚ್ಚಿ ತೆಗಿಯೋದ್ರಾಗ ಬಂತು!"

ಏದುಸಿರು ಬಿಡುತ್ತ ಹೇಳಿದೆ: "ನಿಮ್ಮೆಲ್ಲಾರ ಫೋನ್ ಬಂದ್ ಇದ್ದವು. ಅಂವಾ ವಾಪಸ್ ಹೊಂಟಿದ್ದಾ. ನಾ ಓಡಿ ಹೋಗಿ ಹಿಡಕೊಂಡು ಬಂದೀನಿ."

ಆಯಿ ಪೈಪಿನ ಬಳಿ ಹೋಗಿ ಮೊದಲ ಕೊಡ ತುಂಬಿಸಿ ತಂದು ನನ್ನ ಮುಂದೆ ಇಟ್ಟಳು. "ಇದು ನಿನ್ನ ಹೆಂಡತಿಗಿ ಒಯ್ಯಿ, ಅಪ್ಪಾ. ಆಕೀ ಕಾಲು ನೋಯ್ತಾವ." ನನ್ನ ಯಾವ ಪಾಠಕ್ಕೂ ಇಂಥ ಸಂಭಾವನೆ ಸಿಕ್ಕಿರಲಿಲ್ಲ.

ಆಮೇಲೆ ಆಯಿ ನನ್ನ ಬೊಬ್ಬೆ ಎದ್ದ ಪಾದ ನೋಡಿ, ಮಂದಿಯ ಕಡೆ ತಿರುಗಿದಳು.

"ಪ್ರಯೋಗ ಭಾರೀ ಛಲೋ ಅದ. ಮುಂದಿನ ಸಲನೂ ನಾವೆಲ್ಲಾ ಒಳಗ, ನಂಬಲಾರದ ಈ ಮಗ ಹೊರಗ. ಆದ್ರ ಚಪ್ಪಲ್ ಹಾಕಿ ಕೂಡಿಸ್ರಿ!"